ನಗುಮೊಗದ ಮೋರಿ ಸೇವೆ

ನಗೆಪಾಟಲಾಗಬೇಕು ಅಂತ ಬೆಳಗ್ಗೆ ಎದ್ದು ಯಾರೂ ಮನೆಯಿಂದ ಹೊರಡುವುದಿಲ್ಲ. ನಾನೂ ಹೊರಡುವುದಿಲ್ಲ. ಆದರೆ ಕಟ್ಟಿಕೊಂಡ ಮೋರಿ ಬಿಡಿಸುವ ಕೆಲಸಕ್ಕೆ ಇಳಿದ ಮೇಲೆ, ಎಷ್ಟೇ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಹೋದರೂ ಏನಾದರೊಂದು ಆಗಿಯೇ ತೀರುತ್ತದೆ. ಆಗುವುದು ಮೋರಿಗಲ್ಲ, ನನಗೆ.

ನಮ್ಮ ಮನೆ ಇರುವುದು ಚಿಂತಾಮಣಿಯಲ್ಲಿ. ಒಂದು ಪುಟ್ಟ ಗೂಡ್ಸ್ ಗಾಡಿ, ಅದರೊಳಗೆ ಒಂದು ಮೆಷಿನ್ನು. ಮೆಷಿನ್ನಿಗೆ ಉದ್ದನೆಯ ಸ್ಪ್ರಿಂಗು. ಅದು ತಿರುಗುತ್ತಾ ಪೈಪಿನೊಳಕ್ಕೆ ನುಗ್ಗಿ, ಸಿಕ್ಕಿಕೊಂಡದ್ದನ್ನು ಕಿತ್ತು ತರುತ್ತದೆ. ಮಾಲೀಕ, ಡ್ರೈವರು, ಕೆಲಸಗಾರ ಎಲ್ಲಾ ನಾನೇ. ಫೋನ್ ಎತ್ತುವುದು ನನ್ನ ಹೆಂಡತಿ. ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಎಲ್ಲಿ ಬಚ್ಚಲು ಕಟ್ಟಿದರೂ ಹೋಗುತ್ತೇನೆ.

ಮಂಡಿಕಲ್ ಕಡೆ ಹೊಲ ಮನೆ ಇರುವ ವಂಶ ನಮ್ಮದು. ಈ ಕೆಲಸ ಶುರು ಮಾಡಿದಾಗ ನೆಂಟರೆಲ್ಲ ಮೂಗು ಮುಚ್ಚಿಕೊಂಡರು. ಅಪ್ಪ ಮಾತ್ರ, "ಅದಕ್ಕೇನು? ನಾನು ಹೊಲದ ಕಾಲುವೆ ಬಿಡಿಸ್ತೀನಿ, ನೀನು ಊರಿನ ಮೋರಿ ಬಿಡಿಸ್ತೀಯ. ನೀರು ಹರಿದ್ರೆ ಸರಿ ಕಣೋ" ಅಂದರು. ಎಂಥಾ ದೊಡ್ಡ ಮನಸ್ಸು ಅಂತ ನನ್ನ ಕಣ್ಣು ಒದ್ದೆಯಾಯಿತು. ಆಮೇಲೆ ಗೊತ್ತಾಯಿತು, ಊರಲ್ಲಿ ಯಾರು ಕೇಳಿದರೂ ಅಪ್ಪ "ಮಗ ನೀರಾವರಿ ಲೈನಲ್ಲಿದಾನೆ" ಅಂತ ಹೇಳುತ್ತಿದ್ದರು.

ಮೆಷಿನ್ ಮಾರಿದವರು ನನ್ನನ್ನು ಬೆಂಗಳೂರಿಗೆ ಕರೆಸಿ ತರಬೇತಿ ಕೊಟ್ಟರು. ಟೈ ಕಟ್ಟಿದ ಒಬ್ಬ ಯುವಕ ಎದ್ದು ನಿಂತು, "ಬ್ಲಾಕ್ ಯಾರು ಬೇಕಾದ್ರೂ ತೆಗೀತಾರೆ. ಜನ ನೆನಪಿಟ್ಕೊಳ್ಳೋದು ನಿಮ್ಮ ಸರ್ವೀಸನ್ನ, ನಿಮ್ಮ ನಗುಮುಖಾನ" ಅಂದ. ಉಳಿದವರೆಲ್ಲ ಅದನ್ನು ಕೇಳಿ, ಊಟ ಮಾಡಿ, ಮರೆತು ಹೋದರು. ನಾನು ಮನಸ್ಸಿಗೆ ಹಚ್ಚಿಕೊಂಡು ಬಂದೆ. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ಇನ್ನೇನಾದ್ರೂ ಸಹಾಯ ಬೇಕಾ?

ಕೆಲಸ ಮುಗಿದ ತಕ್ಷಣ ಸಾಮಾನು ಕಟ್ಟಿಕೊಂಡು ಓಡಿಬರಬಾರದು, ನಗುನಗುತ್ತಾ "ಇನ್ನೇನಾದ್ರೂ ಸಹಾಯ ಬೇಕಾ?" ಅಂತ ಕೇಳಬೇಕು. ಇದು ಮೊದಲ ಪಾಠ.

ಅದನ್ನು ಮೊದಲು ಪ್ರಯೋಗ ಮಾಡಿದ್ದು ನಮ್ಮ ಚಿಂತಾಮಣಿಯಲ್ಲೇ, ಒಂದು ಹಳೇ ಮನೆಯಲ್ಲಿ. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು, ಮನೆಯಲ್ಲಿದ್ದದ್ದು ಅಜ್ಜಿ. ಬಚ್ಚಲಿನ ಪೈಪಿನಲ್ಲಿ ಸೀಗೆಪುಡಿ, ಕೂದಲು, ಹುಣಸೆ ನಾರು ಎಲ್ಲಾ ಸೇರಿ ಹಗ್ಗ ಹೊಸೆದಂತಾಗಿತ್ತು. ಎಳೆದು ತೆಗೆದೆ. ನೀರು ಗಳಗಳ ಇಳಿಯಿತು. ಕೈ ತೊಳೆದುಕೊಂಡು, ಹಲ್ಲು ಬಿಟ್ಟು ಕೇಳಿದೆ: "ಅಜ್ಜಿ, ಇನ್ನೇನಾದ್ರೂ ಸಹಾಯ ಬೇಕಾ?"

ಅಜ್ಜಿ ನನ್ನ ಮುಖವನ್ನೇ ನೋಡಿದರು. ಆ ಮನೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿದಂತಿರಲಿಲ್ಲ.

"ಅಟ್ಟದ ಮೇಲೆ ಉಪ್ಪಿನಕಾಯಿ ಜಾಡಿ ಇದೆ ಕಣಪ್ಪ. ಇಳಿಸಿಕೊಡ್ತೀಯಾ?"

ಇಳಿಸಿಕೊಟ್ಟೆ. ಹತ್ತಿದ್ದು ಹೇಗೂ ಹತ್ತಿದ್ದೀಯ ಅಂತ ಅಟ್ಟದ ಜೇಡರ ಬಲೆ ತೆಗೆಸಿದರು. ಇಳಿದ ಮೇಲೆ ಸೂಜಿಗೆ ದಾರ ಹಾಕಿಸಿಕೊಂಡರು. ಮೊಬೈಲಿನಲ್ಲಿ ತಂಗಿಯ ಮೊಮ್ಮಗನ ಫೋಟೋ ಎಲ್ಲೋ ಹೋಗಿದೆ ಅಂತ ಹುಡುಕಿಸಿದರು. ಕೊನೆಗೆ ದನಿ ತಗ್ಗಿಸಿ, "ಪಕ್ಕದ ಮನೆಯವಳ ಕೋಳಿ ದಿನಾ ಬಂದು ನಮ್ಮ ಕೊತ್ತಂಬರಿ ಮಡಿ ಕೆದಕ್ತದೆ. ನಾನು ಹೇಳಿದ್ರೆ ಜಗಳ ಆಗ್ತದೆ. ನೀನಾದ್ರೆ ಚೆನ್ನಾಗಿ ನಗ್ತೀಯ, ಹೋಗಿ ಹೇಳಿಬಾರಪ್ಪ" ಅಂದರು.

ಹೋಗಿ ನಗುತ್ತಾ ಹೇಳಿದೆ. ಪಕ್ಕದ ಮನೆಯಾಕೆ ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ಕೋಳಿ ಮೇಲೆ ಚಾಡಿ ಹೇಳೋದಲ್ದೆ ನಗ್ತಾ ಬೇರೆ ನಿಂತಿದೀಯಾ?" ಅಂದರು. ನಾನು ಗಾಡಿ ಹತ್ತುವ ಹೊತ್ತಿಗೆ ಕೋಳಿಯೂ ಒಂದಷ್ಟು ದೂರ ಅಟ್ಟಿಸಿಕೊಂಡು ಬಂತು.

ಮಾರನೇ ದಿನ ಅಜ್ಜಿಯ ಫೋನು. "ಏನಜ್ಜಿ, ಮತ್ತೆ ಕಟ್ಟಿಕೊಳ್ತಾ?"

"ಇಲ್ಲಪ್ಪ, ಮೋರಿ ಚೆನ್ನಾಗಿದೆ. ಒಂದು ಮೂಟೆ ಅವರೆಕಾಯಿ ಬಂದಿದೆ, ಬಿಡಿಸಬೇಕಿತ್ತು."

"ಅಜ್ಜಿ, ನಾನು ಮೋರಿ ಬಿಡಿಸೋನು!"

"ಗೊತ್ತು ಕಣಪ್ಪ. ಅಂಥಾ ಗಲೀಜು ಬಿಡಿಸೋನಿಗೆ ಅವರೆಕಾಯಿ ಬಿಡಿಸೋದು ಒಂದು ಕಷ್ಟಾನಾ? ಕೈ ಮಾತ್ರ ಚೆನ್ನಾಗಿ ತೊಳ್ಕೊಂಡು ಬಾ."

ಒಂದು ಹನಿ ಅತ್ತರು

ನಮ್ಮ ಕಸುಬಿನಲ್ಲಿ ದೊಡ್ಡ ಶತ್ರು ಬ್ಲಾಕಲ್ಲ, ವಾಸನೆ. ಎಷ್ಟು ಉಜ್ಜಿ ಸ್ನಾನ ಮಾಡಿದರೂ ನನಗಿಂತ ಮುಂಚೆ ಅದು ಮನೆಯೊಳಗೆ ಹೋಗಿರುತ್ತದೆ. ಗಿರಾಕಿಗೆ ಕಿರಿಕಿರಿ ಆಗಬಾರದು ಅಂತ ಮುರುಗಮಲ್ಲಕ್ಕೆ ಹೋದಾಗ ದರ್ಗಾ ಹತ್ತಿರದ ಅಂಗಡಿಯಲ್ಲಿ ಒಂದು ಅತ್ತರಿನ ಸೀಸೆ ಕೊಂಡೆ. ಅಂಗಡಿಯವರು, "ಒಂದೇ ಹನಿ ಹಾಕಿ ಭಾಯ್, ಸಾಕು" ಅಂದರು. ನನ್ನ ವಾಸನೆ ಒಂದು ಹನಿಗೆಲ್ಲ ಬಗ್ಗುವಂಥದ್ದಲ್ಲ ಅಂತ ಅವರಿಗೇನು ಗೊತ್ತು? ಮಾರನೇ ದಿನ ಕತ್ತಿನಿಂದ ಕಾಲಿನವರೆಗೆ ಬಳಿದುಕೊಂಡೆ.

ಅವತ್ತು ಕೆಲಸ ಇದ್ದದ್ದು ಶಿಡ್ಲಘಟ್ಟದ ಒಂದು ರೇಷ್ಮೆ ನೂಲು ಬಿಚ್ಚಾಣಿಕೆ ಘಟಕದಲ್ಲಿ. ಬಿಸಿನೀರಿನಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಜಾಗ. ಬೆಂದ ಹುಳದ ವಾಸನೆ ಹೇಗಿರುತ್ತದೆ ಅಂದರೆ, ಅಭ್ಯಾಸವಿಲ್ಲದವರು ಬೀದಿಯ ತುದಿಯಿಂದಲೇ ವಾಪಸ್ ಹೋಗುತ್ತಾರೆ. ನಾನು ಮೋರಿಯವನು, ಧೈರ್ಯವಾಗಿ ಒಳಗೆ ಹೋದೆ.

ಮಾಲೀಕರು ತಲೆ ಎತ್ತಿ ಮೂಗು ಅರಳಿಸಿದರು. "ಏನ್ರೀ ಇದು, ಎಲ್ಲಿಂದ ಬರ್ತಿದೆ ಈ ಗಬ್ಬು ವಾಸನೆ?"

"ಹುಳದ್ದು ಸಾರ್" ಅಂದೆ ಸಮಾಧಾನದಿಂದ.

"ಯಾವ ಹುಳ? ಇಲ್ಲಿ ಯಾವತ್ತೂ ಯಾವ ವಾಸನೇನೂ ಇರ್ಲಿಲ್ಲವಲ್ಲ, ಈಗ ನೀವು ಬಂದ ಮೇಲೆ ಬಂತು!"

ಅಷ್ಟರಲ್ಲಿ ನೂಲು ತೆಗೆಯುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಮೂಗಿಗೆ ಸೆರಗು ಹಿಡಿದರು. ಒಬ್ಬಾಕೆ ಸೀನಿದರು, ಎಳೆ ಕಿತ್ತುಹೋಯಿತು. ಇನ್ನೊಬ್ಬರು ಸೀನಿದರು, ಇನ್ನೊಂದು ಎಳೆ ಹೋಯಿತು. "ಅಯ್ಯೋ, ಇವರನ್ನ ಆಚೆ ಕಳಿಸ್ರೀ!" ಅಂತ ಕೂಗೆದ್ದಿತು. ಮಾಲೀಕರು ನನ್ನನ್ನು ತೊಟ್ಟಿಯ ಹತ್ತಿರ ಕರೆದುಕೊಂಡು ಹೋಗಿ ಸೋಪು ಕೊಟ್ಟು, ನಿಂತು ತೊಳೆಸಿದರು. ಆಮೇಲೆ ಹಿಂದಿನ ಮೋರಿಯ ಹತ್ತಿರ ಮಂಡಿಯೂರಿ ಮೆಷಿನ್ ಬಿಟ್ಟೆ. ಹಳೇ ಹುಳದ ರಾಡಿ ಒಮ್ಮೆಲೇ ಬುಗ್ಗೆಯಂತೆ ಎದ್ದು ನನಗೆ ತಲೆಯಿಂದ ಅಭಿಷೇಕ ಮಾಡಿತು.

ಮಾಲೀಕರು ಹತ್ತಿರ ಬಂದರು. ಉಸಿರೆಳೆದುಕೊಂಡರು. ಮುಖ ಅರಳಿತು. "ಹಾಂ, ಈಗ ನೋಡಿ! ಈಗ ಮನುಷ್ಯನ ವಾಸನೆ ಬಂತು."

ಪೈಪಿನೊಳಗಿನ ಮುಖ

ಒಳಗೆ ಏನಾಗಿದೆ ಅಂತ ಗಿರಾಕಿಗೆ ಕಣ್ಣಾರೆ ತೋರಿಸಬೇಕು, ಆಗ ನಂಬಿಕೆ ಬೆಳೆಯುತ್ತದೆ. ಇದು ಇನ್ನೊಂದು ಪಾಠ. ಅದಕ್ಕೆ ಪೈಪಿನೊಳಗೆ ಬಿಡುವ ಒಂದು ಕ್ಯಾಮೆರಾ ತರಿಸಿದೆ. ವೈರಿನ ತುದಿಯಲ್ಲಿ ಕಣ್ಣಿನಂಥಾ ಪುಟ್ಟ ಲೆನ್ಸು, ಸುತ್ತ ಸಣ್ಣ ದೀಪ. ಒಳಗಿನದೆಲ್ಲ ಕೈಯಲ್ಲಿರುವ ಪರದೆಯ ಮೇಲೆ ಬರುತ್ತದೆ.

ಗೌರಿಬಿದನೂರಿನಲ್ಲಿ ಒಬ್ಬರು ರಿಟೈರಾದ ಮೇಷ್ಟ್ರು. ಅವರ ಮನೆಯೂ ಪಕ್ಕದ ಮನೆಯೂ ಒಂದು ಕಾಲಕ್ಕೆ ಒಂದೇ. ಭಾಗವಾದಾಗ ನಡುವೆ ಗೋಡೆ ಎದ್ದಿತ್ತು. ಆಚೆ ಇರುವುದು ಅವರ ಸ್ವಂತ ತಮ್ಮ. ಗೋಡೆ ಯಾರ ಜಾಗದಲ್ಲಿ ಎದ್ದಿತು ಅನ್ನುವ ಜಗಳದಲ್ಲಿ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ತಮ್ಮ ಹೊರಗೆ ಬಂದರೆ ಅಣ್ಣ ಒಳಗೆ ಹೋಗುತ್ತಿದ್ದರು.

ನಾನು ಅಂಗಳದಲ್ಲಿದ್ದ ಮೋರಿ ಛೇಂಬರಿನ ಮುಚ್ಚಳ ತೆಗೆದು ಕ್ಯಾಮೆರಾ ಇಳಿಸಿದೆ. "ಬನ್ನಿ ಮೇಷ್ಟ್ರೇ, ನೀವೇ ನೋಡಿ" ಅಂತ ಪರದೆ ತೋರಿಸಿದೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಕೂತರು. ಅವರ ಹೆಂಡತಿ ಕುರ್ಚಿ ತಂದರು. ಎದುರು ಮನೆಯವರು ಬಂದರು. ಯಾರೋ ಕಡ್ಲೆಕಾಯಿ ತಂದರು. ಜನ ಸೇರಿದ್ದು ನೋಡಿ ನನಗೂ ಹುರುಪು ಬಂದು ವಿವರಣೆ ಶುರುಮಾಡಿದೆ. "ಇದು ನಿಮ್ಮ ಮುಖ್ಯ ಪೈಪು… ಇಲ್ಲಿ ಬೇರು… ಈಗ ಎಡಕ್ಕೆ ತಿರುಗ್ತಾ ಇದೀವಿ…"

ಮಾತಿನ ಭರದಲ್ಲಿ ಎಷ್ಟು ದೂರ ತಳ್ಳಿದೆ ಅನ್ನುವುದೇ ಮರೆತುಹೋಗಿತ್ತು. ಭಾಗವಾಗಿದ್ದು ಮನೆ ಮಾತ್ರ, ಪೈಪಲ್ಲ. ಪರದೆ ಇದ್ದಕ್ಕಿದ್ದಂತೆ ಬೆಳಕಾಯಿತು. ಬೆಳಕಿನ ನಡುವೆ ಒಂದು ಮುಖ. ತಲೆ ತುಂಬಾ ಎಣ್ಣೆ, ಕಣ್ಣು ಇಷ್ಟಗಲ, ಬಚ್ಚಲಿನ ತೂತಿನಿಂದ ಎದ್ದ ನಮ್ಮ ಕ್ಯಾಮೆರಾವನ್ನೇ ಬಗ್ಗಿ ನೋಡುತ್ತಿದೆ. ಮೇಷ್ಟ್ರ ತಮ್ಮ, ಸ್ನಾನಕ್ಕೆ ಬಂದವರು!

ಮೇಷ್ಟ್ರು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. "ಎಷ್ಟು ಇಳಿದು ಹೋಗಿದಾನಲ್ಲೇ ಇವನು… ಕೆನ್ನೆ ನೋಡೇ, ಒಳಗೆ ಹೋಗಿಬಿಟ್ಟಿದೆ" ಅಂದರು ಹೆಂಡತಿಗೆ.

ಆಗ ಗೋಡೆಯ ಆಚೆಯಿಂದ ಗುಡುಗು. "ಯಾವನೋ ಅವನು, ನಮ್ಮನೆ ಬಚ್ಚಲಲ್ಲಿ ಕಣ್ಣಿಟ್ಟಿರೋನು?" ಪರದೆಯ ಮೇಲೆ ಒಂದು ಪೊರಕೆ ಮೇಲೆದ್ದದ್ದು ಕಾಣಿಸಿತು. ಕೆಳಗೆ ಬಂದದ್ದು ಕಾಣಿಸಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಕ್ಯಾಮೆರಾ ಹೋಗಿತ್ತು.

ತಮ್ಮ ಟವೆಲ್ ಸುತ್ತಿಕೊಂಡು ಗೋಡೆ ಹತ್ತಿ ಇಣುಕಿದರು. "ಏನಣ್ಣಾ ಇದು?" ಅಂದರು. ವರ್ಷಗಳ ಮೇಲೆ ಮೊದಲ ಮಾತು. ಮೇಷ್ಟ್ರು ಎದ್ದು ನಿಂತು ನನ್ನ ಕಡೆ ಬೆರಳು ತೋರಿಸಿದರು. "ನಾನಲ್ಲ ಕಣೋ, ಇವನು!"

ಆಮೇಲೆ ಅಣ್ಣ ಈಚೆಯಿಂದ, ತಮ್ಮ ಆಚೆಯಿಂದ, ಇಬ್ಬರೂ ಸೇರಿ ನನ್ನನ್ನು ಬಯ್ದರು. ಅಣ್ಣ ಮರೆತದ್ದನ್ನು ತಮ್ಮ ನೆನಪು ಮಾಡಿಕೊಡುತ್ತಿದ್ದರು. ಬಯ್ದು ಸುಸ್ತಾಗಿ ಇಬ್ಬರೂ ಒಟ್ಟಿಗೆ ಕಾಫಿ ಕುಡಿಯಲು ಒಳಗೆ ಹೋದರು. ಎದುರು ಮನೆಯವರು ಎದ್ದು ಕಡ್ಲೆಕಾಯಿ ಸಿಪ್ಪೆ ಕೊಡವಿಕೊಂಡು ನನ್ನನ್ನು ಕೇಳಿದರು: "ಮತ್ತೆ ಯಾವಾಗ ಹಾಕ್ತೀರಾ?"

ಮೂಸ್ಕುಪೋಯಿಂದಿ

ನಮ್ಮ ಕಡೆ ಅರ್ಧ ಜನ ಕನ್ನಡದಲ್ಲಿ ಮಾತು ಶುರುಮಾಡಿ ತೆಲುಗಿನಲ್ಲಿ ಮುಗಿಸುತ್ತಾರೆ. ಹುಟ್ಟಿದಾರಭ್ಯ ಕೇಳಿರುವ ನನಗೆ ಅದು ಗೊತ್ತೇ ಆಗುವುದಿಲ್ಲ. ಆದರೆ ನನ್ನ ಹೆಂಡತಿ ಮಂಡ್ಯ ಕಡೆಯವಳು. ಬಂದ ಹೊಸದರಲ್ಲಿ ಅವಳಿಗೆ ತೆಲುಗು ಅಂದರೆ ಕಿವಿ ಪಕ್ಕ ಗಾಳಿ ಹೋದ ಹಾಗೆ.

"ಫೋನ್ ಮಾಡಿದೋರ ಮಾತು ಪೂರ್ತಿ ಕೇಳ್ಕೋ, ಕರುಣೆಯಿಂದ ಉತ್ತರ ಕೊಡು" ಅಂತ ನಾನು ಅವಳಿಗೂ ತರಬೇತಿ ಕೊಟ್ಟಿದ್ದೆ.

ಒಂದು ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ, "ಮುರುಗಮಲ್ಲದ ಆಚೆ ಹಳ್ಳಿಯಿಂದ ಯಾರೋ ಫೋನ್ ಮಾಡಿದ್ರು. ಪಾಪ, ತುಂಬಾ ಗಾಬರೀಲಿದ್ರು" ಅಂದಳು.

"ಏನಂತೆ?"

"ಅವರ ಪೈಪನ್ನ ಯಾವುದೋ ನಾಯಿ ಮೂಸ್ಕೊಂಡು ಹೋಯ್ತಂತೆ."

ನನ್ನ ಕೈಯಲ್ಲಿದ್ದ ಮುದ್ದೆ ಹಾಗೇ ನಿಂತಿತು. "ಸರಿಯಾಗಿ ಹೇಳು, ಏನಂದ್ರು?"

"ಪೈಪು ಮೂಸ್ಕುಪೋಯಿಂದಿ, ಪೈಪು ಮೂಸ್ಕುಪೋಯಿಂದಿ ಅಂತ ಅದನ್ನೇ ಹೇಳಿದ್ರಪ್ಪ."

ತೆಲುಗಿನಲ್ಲಿ ಮೂಸ್ಕುಪೋಯಿಂದಿ ಅಂದರೆ ಮುಚ್ಚಿಕೊಂಡುಬಿಟ್ಟಿದೆ ಅಂತ! "ನೀನೇನು ಹೇಳ್ದೆ?" ಅಂದೆ.

"ನೀವು ಹೇಳಿಕೊಟ್ಟ ಹಾಗೇ ಕರುಣೆಯಿಂದ ಹೇಳ್ದೆ. ಬೇಜಾರು ಮಾಡ್ಕೋಬೇಡಿ ಸಾರ್, ನಾಯಿ ಅಲ್ವಾ, ಮೂಸಲಿ ಬಿಡಿ ಅಂದೆ."

ಮುದ್ದೆ ತಟ್ಟೆಯಲ್ಲೇ ಬಿಟ್ಟು ಗಾಡಿ ಓಡಿಸಿದೆ. ಆ ಮನೆಯಲ್ಲಿ ಗಿರಾಕಿ ಬಾಗಿಲಲ್ಲೇ ನಿಂತಿದ್ದರು. ಅಂಗಳದ ತುಂಬಾ ಬಚ್ಚಲು ನೀರು. ಕೈಮುಗಿದು ಕ್ಷಮೆ ಕೇಳಿ, ಮೆಷಿನ್ ಬಿಟ್ಟು, ಪೈಪು ಸರಿ ಮಾಡಿದೆ. ಅವರು ಸಂತೋಷದಿಂದ ಫೋನ್ ತೆಗೆದು, "ಆಯಮ್ಮಗೂ ಹೇಳಿಬಿಡ್ತೀನಿ, ಪಾಪ" ಅಂತ ನನ್ನ ಹೆಂಡತಿಗೆ ಕರೆ ಮಾಡಿ, "ಅಂತಾ ವದಿಲಿಪೋಯಿಂದಮ್ಮಾ!" ಅಂದರು. ಎಲ್ಲಾ ಬಿಟ್ಟುಕೊಂಡಿತಮ್ಮ ಅಂತ.

ಮರುಕ್ಷಣ ನನ್ನ ಫೋನು ಬಡಿದುಕೊಂಡಿತು. ಹೆಂಡತಿ ಅಳುದನಿಯಲ್ಲಿದ್ದಳು.

"ರೀ, ಒದ್ದುಬಿಟ್ರಾ ನಿಮ್ಮನ್ನ?"

ಈಗ ಸಲೀಸಾಗಿ ಹೋಗ್ತಿದೆಯಾ?

ಕೆಲಸ ಮುಗಿಸಿ ಬಂದ ಮೇಲೆಯೂ ಗಿರಾಕಿಯನ್ನು ಮರೆಯಬಾರದು, ಫೋನ್ ಮಾಡಿ ವಿಚಾರಿಸಬೇಕು. ನಾನು ದಿನಾ ಬೆಳಗ್ಗೆ ಕಾಫಿ ಕುಡಿಯುತ್ತಾ ಹಿಂದಿನ ಗಿರಾಕಿಗಳಿಗೆ ಫೋನ್ ಹಚ್ಚುತ್ತಿದ್ದೆ. ಒಂದು ದಿನ ಚಿಕ್ಕಬಳ್ಳಾಪುರದ ಒಂದು ನಂಬರಿಗೆ ಮಾಡಿದೆ ಅಂದುಕೊಂಡಿದ್ದೆ. ಬೆರಳು ಎಲ್ಲೋ ತಪ್ಪಿರಬೇಕು.

"ನಮಸ್ಕಾರ ಸಾರ್. ಈಗ ಹೇಗಿದೆ? ಸಲೀಸಾಗಿ ಹೋಗ್ತಿದೆಯಾ?"

ಆ ಕಡೆಯಿಂದ ಒಬ್ಬ ಹಿರಿಯರ ನಿಟ್ಟುಸಿರು. "ಎಲ್ಲಿ ಬಂತು ಸಾರ್! ಮೊನ್ನೆಯಿಂದ ಹೋಗೇ ಇಲ್ಲ. ಕೂತು ಕೂತು ಸಾಕಾಯ್ತು."

ನನಗೆ ಅವಮಾನವಾಯಿತು. ನನ್ನ ಕೈಯಿಂದ ಆದ ಕೆಲಸ, ಮತ್ತೆ ಕಟ್ಟಿಕೊಂಡಿದೆ ಅಂದರೆ! ಅವರು ಪಾಪ ಕಾದು ಕೂತಿದ್ದಾರೆ ಅಂದುಕೊಂಡು, "ನೀರು ಚೆನ್ನಾಗಿ ಬಿಟ್ರಾ?" ಅಂದೆ.

"ಚೊಂಬುಗಟ್ಟಲೆ ಬಿಟ್ಟೆ."

"ಬಿಸಿನೀರು?"

"ಅದೂ ಆಯ್ತು. ಹೊಟ್ಟೆ ಉಬ್ಬರ ಆಯ್ತೇ ಹೊರತು ಇನ್ನೇನೂ ಆಗಲಿಲ್ಲ."

ಹೊಟ್ಟೆ ಉರಿ ಅಂದಿರಬೇಕು ಅಂದುಕೊಂಡೆ. ಗಿರಾಕಿಗೆ ಹೊಟ್ಟೆ ಉರಿಯುವುದು ಸಹಜವೇ. "ಗಾಬರಿಯಾಗಬೇಡಿ ಸಾರ್. ಒಳಗೆ ಗಟ್ಟಿ ಕೂತುಬಿಟ್ಟಿದೆ, ಅಷ್ಟೇ. ನಾನು ಈಗಲೇ ಬರ್ತೀನಿ. ಉದ್ದನೆ ಸ್ಪ್ರಿಂಗು ತರ್ತೀನಿ. ಒಳಗೆ ಬಿಟ್ಟು ಮೆಷಿನ್ ಆನ್ ಮಾಡಿದ್ರೆ ಎಂಥದ್ದೂ ಸುತ್ಕೊಂಡು ಬಂದುಬಿಡ್ತದೆ."

"ಒಳಗಾ?" ಅಂದರು ಅವರು.

"ಅದಕ್ಕೂ ಜಗ್ಗದಿದ್ರೆ ಹಿಂದುಗಡೆ ಒಡೆದು ಹೊಸ ಪೈಪು ಹಾಕಣ" ಅಂದೆ ಧೈರ್ಯ ತುಂಬುತ್ತಾ.

ಏನೋ ಬಿದ್ದ ಸದ್ದು, ಯಾರೋ ಓಡಿದ ಸದ್ದು, ಬಾಗಿಲು ಹಾಕಿಕೊಂಡ ಸದ್ದು. ಫೋನ್ ಕಟ್ಟಾಯಿತು. ಕಾಫಿ ಮುಗಿಸಿ, ಮೆಷಿನ್ ಗಾಡಿಗೆ ಹತ್ತಿಸುವಷ್ಟರಲ್ಲಿ ಅದೇ ನಂಬರಿನಿಂದ ಕರೆ. ಹಿರಿಯರ ದನಿಯಲ್ಲಿ ಹಗುರ, ಕೃತಜ್ಞತೆ.

"ಡಾಕ್ಟ್ರೇ, ನೀವು ಬರೋದು ಬೇಡ. ನಿಮ್ಮ ಮಾತು ಕೇಳೇ ಹೋಯ್ತು."

ಸೋದರಮಾವ

ಒಂದು ಬೆಳಗ್ಗೆ ನಗರಗೆರೆ ಕಡೆಯಿಂದ ಫೋನ್ ಬಂತು. ಮಾತಾಡಿದವರು ಪಿಸುದನಿಯಲ್ಲಿದ್ದರು. "ಹಿತ್ತಲ ಕಡೆಯಿಂದ ಬನ್ನಿ. ಇವತ್ತು ನಮ್ಮ ಹುಡುಗೀನ ನೋಡೋಕೆ ಗಂಡಿನ ಕಡೆಯವರು ಬರ್ತಿದಾರೆ. ಬಚ್ಚಲು ತುಂಬಿ ಉಕ್ತಾ ಇದೆ. ಹೋದ ಸಲ ಬಂದೋರು ಕಾಫಿ ತಣ್ಣಗಿತ್ತು ಅಂತ ಸಂಬಂಧ ಬೇಡ ಅಂದ್ರು. ಇದನ್ನ ನೋಡಿದ್ರೆ ಏನಂತಾರೋ."

ಓಡಿದೆ. ಹಿತ್ತಲಿನಿಂದ ಹೋಗಿ ಸದ್ದಿಲ್ಲದೆ ಕೆಲಸ ಮುಗಿಸಿದೆ. ಮೈಕೈ ತೊಳೆದು, ಜೊತೆಗೆ ತಂದಿದ್ದ ಇಸ್ತ್ರಿ ಶರ್ಟು ತೊಟ್ಟು, ಯಜಮಾನರಿಗೆ ಹೇಳಿ ಹೋಗೋಣ ಅಂತ ನಡುಮನೆಗೆ ಕಾಲಿಟ್ಟೆ. ಚಾಪೆಯ ಮೇಲೆ, ಕುರ್ಚಿಯ ಮೇಲೆ ಜನವೋ ಜನ. ಗಂಡಿನ ಕಡೆಯವರು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದುಬಿಟ್ಟಿದ್ದರು.

"ಇವರು ಯಾರು?" ಅಂದರು ಹುಡುಗನ ತಂದೆ. ದಪ್ಪ ಮೀಸೆ, ಗಂಭೀರ ಮುಖ.

ಹುಡುಗಿಯ ತಂದೆ ಬೆವತು ಹೋದರು. ಗಿರಾಕಿಯ ಮಾನ ಕಾಪಾಡುವುದು ನನ್ನ ಧರ್ಮ ಅಂತ ಎದೆ ಉಬ್ಬಿಸಿ, ನಾನು ಬಾಯಿಗೆ ಬಂದದ್ದು ಹೇಳಿದೆ: "ಹುಡುಗಿಗೆ ಸೋದರಮಾವ."

ಉಪ್ಪಿಟ್ಟಿನ ತಟ್ಟೆ ಹಿಡಿದು ಬರುತ್ತಿದ್ದ ಹುಡುಗಿಯ ತಾಯಿ ನಿಂತುಬಿಟ್ಟರು. ಆಮೇಲೆ ತಿಳಿಯಿತು, ಅವರು ಅವರಪ್ಪ ಅಮ್ಮನಿಗೆ ಒಬ್ಬಳೇ ಮಗಳು. ಆದರೆ ಆ ತಾಯಿ ಗಟ್ಟಿಗಿತ್ತಿ. "ಬಾರಣ್ಣ, ಕೂತ್ಕೋ" ಅಂತ ಮೊದಲ ತಟ್ಟೆ ನನಗೇ ಕೊಟ್ಟರು.

"ಏನು ಮಾಡ್ಕೊಂಡಿದೀರಿ?" ಅಂದರು ಹುಡುಗನ ತಂದೆ.

ಸುಳ್ಳು ಒಂದಕ್ಕೇ ಸಾಕು ಅಂದುಕೊಂಡು ನಿಜವನ್ನೇ ಹೇಳಿದೆ. "ಈ ಕಡೆ ಬ್ಲಾಕೆಲ್ಲಾ ನಾನೇ ನೋಡ್ಕೋತೀನಿ ಸಾರ್."

"ಓಹೋ! ಬ್ಲಾಕ್ ಆಫೀಸರ್ರು! ಯಾವ ಬ್ಲಾಕು?"

"ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ… ಎಲ್ಲಾ ಕಡೇದೂ ನಂದೇ."

ಅವರು ಒರಗಿದ್ದವರು ನೆಟ್ಟಗೆ ಕೂತರು. ಆ ಮನೆಯ ಸಂಬಂಧ ಅವರಿಗೆ ಇದ್ದಕ್ಕಿದ್ದಂತೆ ಹಿಡಿಸಿತು. ಹುಡುಗ ಹುಡುಗಿ ಹೇಗೂ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ತಾಂಬೂಲ ಬದಲಾಯಿತು. ಹುಡುಗಿ ಅವತ್ತೇ ಹುಡುಗನಿಗೆ ಫೋನಿನಲ್ಲಿ ನಿಜ ಹೇಳಿದಳಂತೆ; ಅವನು ಹೊಟ್ಟೆ ಹಿಡಿದುಕೊಂಡು ನಕ್ಕು, "ನಮ್ಮಪ್ಪನಿಗೆ ಮಾತ್ರ ಈಗಲೇ ಬೇಡ" ಅಂದನಂತೆ.

ಮದುವೆಗೆ ಬರಲೇಬೇಕು ಅಂತ ಹುಡುಗಿಯ ತಾಯಿ ಕುಂಕುಮ ಹಿಡಿದು ನಮ್ಮ ಮನೆಗೇ ಬಂದರು. "ಬೀಗರು ದಿನಾ ನಿಮ್ಮನ್ನೇ ಕೇಳ್ತಾರಣ್ಣ. ನನಗೂ ಅಣ್ಣ ಅನ್ನೋನು ಇರ್ಲಿಲ್ಲ" ಅಂದಾಗ ಇಲ್ಲ ಅನ್ನಲು ನನ್ನ ನಾಲಿಗೆ ಏಳಲಿಲ್ಲ.

ಮದುವೆ ಚಿಕ್ಕಬಳ್ಳಾಪುರದ ಒಂದು ಛತ್ರದಲ್ಲಿ. ನಾನು ರೇಷ್ಮೆ ಪಂಚೆ ಉಟ್ಟು, ಪೇಟ ತೊಟ್ಟು, ಸೋದರಮಾವನ ಸ್ಥಾನದಲ್ಲಿ ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತಂದೆ. ನಾಟಕಕ್ಕೆ ಅಂತ ಹಿಡಿದ ಕೈ, ಆದರೆ ಆ ಮಗು ನನ್ನ ಬೆರಳು ಬಿಗಿಯಾಗಿ ಹಿಡಿದುಕೊಂಡಾಗ ನನ್ನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಧಾರೆ ಮುಗಿಯಿತು. ಹುಡುಗನ ತಂದೆ ನನ್ನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು.

ಅಷ್ಟರಲ್ಲಿ ಊಟದ ಹಾಲಿನಲ್ಲಿ ಗದ್ದಲ. ಕೈ ತೊಳೆಯುವ ಜಾಗದ ಮೋರಿ ಕಟ್ಟಿಕೊಂಡು, ಸಾರು ಅನ್ನ ಬೆರೆತ ನೀರು ಮೊದಲ ಪಂಕ್ತಿಯ ಕಾಲಡಿಗೆ ಹರಿದು ಬರುತ್ತಿತ್ತು. ಕೂತಿದ್ದವರೆಲ್ಲ ಗಂಡಿನ ಕಡೆಯವರು, ಕಾಲು ಮೇಲೆತ್ತಿಕೊಂಡು ಹೋಳಿಗೆ ತಿನ್ನುತ್ತಿದ್ದರು. ಛತ್ರದ ಮ್ಯಾನೇಜರಿಗೆ ನನ್ನ ಕಸುಬು ಗೊತ್ತು. ಅವನು ಕೈಯಲ್ಲಿ ಹಿಡಿಯುವ ಮೈಕು ಕಿತ್ತುಕೊಂಡು "ಮೋರಿ ಬಿಡಿಸೋ…" ಅಂತ ಶುರುಮಾಡಿದ. ಹುಡುಗಿಯ ತಂದೆ ಓಡಿಹೋಗಿ ಅವನ ಬಾಯಿ ಮುಚ್ಚಿ ಕಿವಿಯಲ್ಲಿ ಹೇಳಿದರು, "ಅಯ್ಯೋ ಹಾಗನ್ಬೇಡ, ಮರ್ಯಾದೆ ಹೋಗ್ತದೆ! ಹುಡುಗಿ ಸೋದರಮಾವ ಅನ್ನು!"

ಮ್ಯಾನೇಜರು ತಲೆಯಾಡಿಸಿ, ಗಂಟಲು ಸರಿಮಾಡಿಕೊಂಡು, ಇಡೀ ಛತ್ರಕ್ಕೆ ಕೇಳುವಂತೆ ಘೋಷಿಸಿದ:

"ದಯವಿಟ್ಟು ಗಮನಿಸಿ. ವಧುವಿನ ಸೋದರಮಾವನವರು ಎಲ್ಲಿದ್ದರೂ ಕೂಡಲೇ ಊಟದ ಹಾಲಿನ ಹಿಂದಿನ ಮೋರಿಗೆ ಬರಬೇಕು. ಬರುವಾಗ ಮೆಷಿನ್ ತರಬೇಕು."

ನಾದಸ್ವರ ನಿಂತಿತು. ನಾನು ಯಾರ ಮುಖವನ್ನೂ ನೋಡದೆ ಪೇಟ ತೆಗೆದು ಹೆಂಡತಿಯ ಕೈಗೆ ಕೊಟ್ಟು, ಪಂಚೆ ಎತ್ತಿ ಕಟ್ಟಿ, ಗಾಡಿಯಿಂದ ಮೆಷಿನ್ ಇಳಿಸಿದೆ. ಮೋರಿಯ ಹತ್ತಿರ ಕೂತು ಸ್ಪ್ರಿಂಗ್ ಬಿಡುತ್ತಿದ್ದಾಗ ಪಕ್ಕದಲ್ಲಿ ಎರಡು ಕಾಲು ಬಂದು ನಿಂತವು. ತಲೆ ಎತ್ತಿದರೆ ಹುಡುಗನ ತಂದೆ. ಅವರ ಹಿಂದೆ ಹುಡುಗಿಯ ತಂದೆ, ಬಿಳಿಚಿಕೊಂಡು. ಅವರ ಪಕ್ಕದಲ್ಲಿ ಮೈಕು ಹಿಡಿದ ಮ್ಯಾನೇಜರು.

"ಸೋ ಇದೇನಾ ನಿಮ್ಮ ಬ್ಲಾಕು?" ಅಂದರು ಹುಡುಗನ ತಂದೆ.

"ಹೂಂ ಸಾರ್" ಅಂದೆ. ಬೇರೇನು ಹೇಳಲಿ? ಸ್ಪ್ರಿಂಗು ಎಳೆದೆ. ಒಂದು ರಾಶಿ ಬಾಳೆಎಲೆ ಚೂರು, ಹೋಳಿಗೆ, ಅದರ ಹಿಂದೆ ಒಂದು ಇಡೀ ಸೌಟು ಹೊರಗೆ ಬಂತು. ನೀರು ಸುರ್ ಅಂತ ಇಳಿಯಿತು. ಹುಡುಗಿಯ ತಂದೆ ದೇವರನ್ನು ನೆನೆಯುತ್ತಿದ್ದದ್ದು ಅವರ ತುಟಿಯಲ್ಲಿ ಕಾಣುತ್ತಿತ್ತು.

ಹುಡುಗನ ತಂದೆ ಇಳಿಯುತ್ತಿರುವ ನೀರನ್ನು ನೋಡಿದರು. ನನ್ನ ರೇಷ್ಮೆ ಪಂಚೆ ನೋಡಿದರು. ಮೀಸೆಯ ಕೆಳಗೆ ಏನೋ ಅಲುಗಾಡಿತು. ನಗು!

"ಸೋದರಮಾವ ಅಂದ್ರೆ ಹಿಂಗಿರಬೇಕು ಕಣ್ರೀ" ಅಂದರು. "ನನ್ನ ಹೆಂಡತಿ ತಮ್ಮನೂ ಒಬ್ಬನಿದಾನೆ, ಹುಡುಗನಿಗೆ ಸೋದರಮಾವ. ನಿನ್ನೆ ಸಾಯಂಕಾಲದಿಂದ ಎಲೆ ಮುಂದಿನಿಂದ ಎದ್ದಿಲ್ಲ. ಈ ಮೋರಿ ಕಟ್ಟಿದ್ದೇ ಅವನಿಂದ ಇರಬೇಕು."

ಮ್ಯಾನೇಜರ ಕೈಯಲ್ಲಿದ್ದ ಮೈಕು ಇನ್ನೂ ಆನ್ ಆಗಿಯೇ ಇತ್ತು.